ಓಡುವ ಗಾಡಿಯ ಉಸಿರು

ಮುಂದೆ ಸಾಗುವ ಲಾರಿ ಕರಿಹೊಗೆಯನ್ನು ಮುಖಕ್ಕೆ ಎರಚಿದಾಗ ಶಪಿಸದವರು ಯಾರು? ಆದರೆ, ವಾಚಕರೇ, ಪಕ್ಕದಲ್ಲೇ ತೊಳೆದು ಒರೆಸಿ ಥಳಥಳಿಸುತ್ತಿರುವ ಪೆಟ್ರೋಲ್ ಕಾರಿನ ಮೇಲೆ ನಮಗೆ ಸಂಶಯವೇ ಹುಟ್ಟದು. ಅದು ಉಗುಳಬಹುದಾದ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಈ ಕಾಣದ ಕಳ್ಳನನ್ನು ರಸ್ತೆಯ ಬದಿಯಲ್ಲೇ ಹಿಡಿಯುವ ಉಪಾಯವನ್ನು ಅಮೆರಿಕದ ಡೆನ್ವರ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಡೊನಾಲ್ಡ್ ಸ್ಟೆಡ್ಮನ್ ಅವರು, ಸಹೋದ್ಯೋಗಿ ಗ್ಯಾರಿ ಬಿಷಪ್ ಅವರೊಡನೆ, 1980ರ ದಶಕದ ಕೊನೆಯಲ್ಲಿ ರೂಪಿಸಿದರು. ರಸ್ತೆಯ ಒಂದು ಅಂಚಿನಿಂದ ಇನ್ನೊಂದಕ್ಕೆ, ಹೊಗೆಕೊಳವೆಯ ಎತ್ತರದಲ್ಲಿ, ಅವಕೆಂಪು ಕಿರಣವನ್ನು ಹಾಯಿಸುವುದು. ಗಾಡಿ ದಾಟಿದೊಡನೆ ಅದರ ಹಿಂದೆ ತೇಲುವ ಅನಿಲಗಳು ಆ ಕಿರಣವನ್ನು ಎಷ್ಟು ಹೀರಿದವೆಂದು ನೋಡುವುದು. ಇಲ್ಲೊಂದು ತೊಡಕುಂಟು. ಗಾಳಿ ಹೊಗೆಯನ್ನು ಎತ್ತ ಚದುರಿಸಿತೋ, ಕಿರಣಕ್ಕೆ ಎಷ್ಟು ಸಿಕ್ಕಿತೋ ಬಲ್ಲವರಾರು? ಸ್ಟೆಡ್ಮನ್ ಅವರು ಮೊತ್ತವನ್ನು ಅಳೆಯುವ ಗೋಜಿಗೇ ಹೋಗಲಿಲ್ಲ. ಮಾನಾಕ್ಸೈಡಿಗೂ ಇಂಗಾಲದ ಡೈಆಕ್ಸೈಡಿಗೂ ಇರುವ ಅನುಪಾತವನ್ನು ನೋಡಿದರು. ಹೊಗೆ ಎಷ್ಟೇ ಚದುರಲಿ, ಆ ಅನುಪಾತ ಕೆಡದು. ಸೌಟಿನ ತುದಿಗೆ ಬಂದಷ್ಟೇ ಸಾರನ್ನು ನಾಲಗೆಗೆ ಹಚ್ಚಿ ಗೃಹಿಣಿ ಇಡೀ ಪಾತ್ರೆಯ ಉಪ್ಪನ್ನು ತಿಳಿಯುವುದಿಲ್ಲವೆ? ಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ. ಕ್ಯಾಮರಾ ಗಾಡಿಯ ನಂಬರನ್ನು ಹಿಡಿದಿಡುತ್ತದೆ.

ಹೀಗೆ ಸಾವಿರಾರು ಗಾಡಿಗಳನ್ನು ಅಳೆದಾಗ ತಿಳಿದ ಸಂಗತಿ ಇದು: ಮಾನಾಕ್ಸೈಡಿನ ಸುಮಾರು ಅರ್ಧಪಾಲನ್ನು ಉಗುಳುತ್ತಿದ್ದವು ನೂರರಲ್ಲಿ ಹತ್ತೇ ಗಾಡಿಗಳು! ಹತ್ತರ ತಪ್ಪಿಗೆ ನೂರನ್ನೂ ಪರೀಕ್ಷೆಯ ಸಾಲಿನಲ್ಲಿ ನಿಲ್ಲಿಸುವುದೇಕೆ? ಕೊಲೊರಾಡೊ ರಾಜ್ಯದಲ್ಲಿ, ಕಿರಣದ ಮುಂದೆ ನಿರ್ಮಲವೆಂದು ತೋರಿದ ಗಾಡಿಗಳಿಗೆ ಪರೀಕ್ಷಾಕೇಂದ್ರದ ತೊಂದರೆಯನ್ನು ತಪ್ಪಿಸುವ ಏರ್ಪಾಡೂ ಬಂದಿತು.

ನಮ್ಮಲ್ಲಿ ಹೊಗೆ ಪ್ರಮಾಣಪತ್ರಕ್ಕಾಗಿ ಪೆಟ್ರೋಲ್ ಗಾಡಿಯನ್ನು ನಿಲ್ಲಿಸಿ, ಎಂಜಿನ್ನನ್ನು ಸುಮ್ಮನೆ ಓಡಿಸಿ ಅಳೆಯುತ್ತಾರೆ. ನಿಂತಾಗ ಸಾಧುವಾಗಿದ್ದ ಎಂಜಿನ್ನು ಏರುದಾರಿಯಲ್ಲಿಯೂ ಸಾಧುವಾಗಿರುವುದೆಂಬ ಭರವಸೆ ಏನು? 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಂತೂ ಗಾಡಿಗಳು ಪರೀಕ್ಷೆಯನ್ನು ತಾವೇ ಗುರುತಿಸಿ, ಅಷ್ಟು ಹೊತ್ತು ಮಾತ್ರ ಸಭ್ಯತೆಯನ್ನು ನಟಿಸುತ್ತಿದ್ದವು.

ಹಾಗೆಂದು ಕಿರಣದ ಮಾತೇ ವೇದವಾಕ್ಯವಲ್ಲ. ಅದು ಕಾಣುವುದು ಒಂದು ಕ್ಷಣವನ್ನು. ಆಗತಾನೆ ಮನೆಯಿಂದ ಹೊರಟ, ಇನ್ನೂ ಬಿಸಿಯೇರದ ಎಂಜಿನ್ನು ಹೆಚ್ಚು ಉಗುಳುವುದು ಸಹಜ. ಒಂದೇ ನೋಟದಿಂದ ದಂಡ ವಿಧಿಸುವುದು ಅನ್ಯಾಯವಾದೀತು.

ನನಗೆ ಮೆಚ್ಚಿಗೆಯಾದದ್ದು 1996ರಲ್ಲಿ ಡೆನ್ವರಿನ ಹೆದ್ದಾರಿಯ ಕೂಡುದಾರಿಯೊಂದರಲ್ಲಿ ನಿಲ್ಲಿಸಿದ ಹಲಗೆ. ಗಾಡಿ ಕಿರಣವನ್ನು ದಾಟಿದ ಮರುಗಳಿಗೆಯಲ್ಲೇ ಅದರ ಮೇಲೆ ಫಲಿತಾಂಶ ಮೂಡುತ್ತಿತ್ತು: ಉತ್ತಮ, ಸಾಧಾರಣ, ಕಳಪೆ. ದಂಡವಿಲ್ಲ, ನೋಟೀಸಿಲ್ಲ. ಮಾನಾಕ್ಸೈಡೆಂದರೆ ಪೂರ್ತಿ ಉರಿಯದ ಪೆಟ್ರೋಲಿನ ಕುರುಹು. ಅದಕ್ಕೆ ಯಜಮಾನನೇ ಹಣ ತೆತ್ತಿರುತ್ತಾನೆ. ಜಾಣನು ಗ್ಯಾರೇಜಿಗೆ ಹೋಗಿರಬೇಕು. ಹಳೆಯ ಗಾಡಿಯ ದುರಸ್ತಿಗೆ ಕಾಸಿಲ್ಲದವನು ಮಾತ್ರ ದಿನವೂ ‘ಕಳಪೆ’ ಎಂದು ಓದಿಕೊಂಡೇ ಕೆಲಸಕ್ಕೆ ಹೋಗಿರಬೇಕು.