ಕಿಡಿಯಲ್ಲಿ ಎಷ್ಟು ಜೂಲ್?

ರಜೆಗೆ ಹಲಗೂರಿಗೆ ಹೋದಾಗ ಗ್ಯಾರೇಜೊಂದರಿಂದ ಹಳೇ ಅಂಬಾಸಿಡರ್ ಕಾರಿನ ಇಗ್ನಿಷನ್ ಕಾಯಿಲ್ ತಂದೆ. ಮೆಕ್ಯಾನಿಕ್ ಅಣ್ಣ ದುಡ್ಡು ಕೇಳಲಿಲ್ಲ. "ಕಂಡೆನ್ಸರ್ ಇಲ್ದೆ ಓಡುಸ್‌ಬ್ಯಾಡ ಕಣ್ಲಾ, ಪಾಯಿಂಟು ಸುಟ್ಟೋಯ್ತದೆ" ಅಂದ್ರು, ಅಷ್ಟೇ. 12 ವೋಲ್ಟ್ ಬೈಕ್ ಬ್ಯಾಟರಿ, ಪಾಯಿಂಟಿನ ಬದಲು ತಾನೇ ಆನ್-ಆಫ್ ಆಗೋ ಹಾಗೆ ಜೋಡಿಸಿದ ರಿಲೇ, ಅದರ ಕಾಂಟ್ಯಾಕ್ಟಿಗೆ ಅಡ್ಡಲಾಗಿ ಕಂಡೆನ್ಸರ್, ಒಂದು ಸ್ಪಾರ್ಕ್ ಪ್ಲಗ್. ಟಕಟಕ ಅಂತ ನೀಲಿ ಕಿಡಿ ಬಂತು.

ಪ್ರಾಜೆಕ್ಟ್ ಪ್ರದರ್ಶನಕ್ಕೆ ಒಯ್ದರೆ "ಹೈ ವೋಲ್ಟೇಜ್, ಬೇಡ" ಅಂದುಬಿಟ್ಟರು. ಹೋಗ್ಲಿ ಬಿಡಿ. ಆದರೆ ಪಕ್ಕದ ಟೇಬಲ್ಲಿನಲ್ಲಿ ಹಳೇ ಕ್ಯಾಮೆರಾದ ಫ್ಲಾಶ್ ಸರ್ಕ್ಯೂಟ್ ಮುಚ್ಚಳ ಕೂಡ ಇಲ್ಲದೆ ಕೂತಿತ್ತು. ಅದಕ್ಕೆ "330 ವೋಲ್ಟ್ ತಾನೇ" ಅಂತ ಒಪ್ಪಿಗೆ!

ಲೆಕ್ಕ ಹಾಕಿ ನೋಡಿ. ಕಾಯಿಲ್ ಪ್ರೈಮರಿ 8 ಮಿಲಿಹೆನ್ರಿ, ಕರೆಂಟ್ 4 ಆಂಪಿಯರ್ ಅಂದುಕೊಳ್ಳಿ. ಅರ್ಧ ಎಲ್ ಐ ಸ್ಕ್ವೇರ್, ಅಂದ್ರೆ 0.064 ಜೂಲ್. ಕಾಂಟ್ಯಾಕ್ಟ್ ಬಿಟ್ಟ ಕ್ಷಣ ಸೆಕೆಂಡರಿಯಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟ್ ಎದ್ದರೂ ಕಿಡಿಗೆ ಸಿಗೋದು ಅಷ್ಟರೊಳಗೇ. ಫ್ಲಾಶಿನ 120 ಮೈಕ್ರೋಫ್ಯಾರಡ್ ಕೆಪಾಸಿಟರ್ 330 ವೋಲ್ಟಿಗೆ ಚಾರ್ಜ್ ಆದ್ರೆ 6.5 ಜೂಲ್. ನೂರು ಪಟ್ಟು! ಬ್ಯಾಟರಿ ತೆಗೆದ ಮೇಲೂ ಅದು ಸದ್ದಿಲ್ಲದೆ ಹಾಗೇ ಕೂತಿರುತ್ತೆ.

ನಮ್ಮ ಮಳವಳ್ಳಿ ಕಡೆಯವರಿಗೆ ಹೈ ವೋಲ್ಟೇಜ್ ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಕರೆಂಟ್ ಹೋಗಿದ್ದು ಹೈ ವೋಲ್ಟೇಜಿನಲ್ಲೇ. ಆದರೆ ಆ ತಂತಿಯ ಹಿಂದೆ ಧುಮುಕೋ ಕಾವೇರಿ ಇತ್ತು. ನನ್ನ ಕಾಯಿಲ್ ಹಿಂದೆ ಇರೋದು ಬೈಕ್ ಬ್ಯಾಟರಿ.

ಹಾಗಂತ ಕಾಯಿಲ್ ಸಾಧು ಅಂತ ನಾನು ಹೇಳ್ತಿಲ್ಲ. ಪೆಟ್ರೋಲ್ ಆವಿ ಹೊತ್ತಿಕೊಳ್ಳೋಕೆ ಒಂದು ಮಿಲಿಜೂಲ್ ಕೂಡ ಬೇಡ. ಪ್ಲಗ್ಗಿನ ಲೋಹದ ಮೈಯನ್ನು ಬ್ಯಾಟರಿ ನೆಗೆಟಿವ್‌ಗೆ ಜೋಡಿಸದೆ ಓಡಿಸಿದ್ರೆ ಕಿಡಿ ಕಾಯಿಲ್ ಒಳಗೇ ಹಾರಿ ಇನ್ಸುಲೇಷನ್ ತೂತಾಗಬಹುದು, ಇಲ್ಲಾ ನಿಮ್ಮ ಕೈಗೇ ಹಾರಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರೋರು ಹತ್ತಿರ ಸುಳಿಯಲೇಬಾರದು. ಇನ್ನು ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಬಿಚ್ಚೋ ಮಹಾಶಯರಿಗೆ ಕೈ ಮುಗಿದೆ: ಅದರ ಹಿಂದೆ ಗೋಡೆಯ ಪ್ಲಗ್ಗಿದೆ, ಮೆಸ್ಕಾಂ-ಸೆಸ್ಕ್ ಲೈನೇ ಇದೆ. ಮುಟ್ಟಿದ್ರೆ ಎರಡನೇ ಚಾನ್ಸ್ ಇಲ್ಲ.

ಮುಂದಿನ ವರ್ಷದ ಅರ್ಜಿಯಲ್ಲಿ "ಎಷ್ಟು ವೋಲ್ಟ್?" ಅನ್ನೋ ಒಂದೇ ಕಾಲಂ ಬೇಡ. ಶಕ್ತಿ ಎಲ್ಲಿಂದ ಬರುತ್ತೆ, ಎಷ್ಟು ಜೂಲ್ ಕೂಡಿರುತ್ತೆ, ಆಫ್ ಮಾಡಿದ ಮೇಲೆ ಅದನ್ನ ಹೇಗೆ ಖಾಲಿ ಮಾಡ್ತೀರಿ ಅಂತಲೂ ಕೇಳಲಿ. ನನ್ನ ಕಾಯಿಲ್ ಇನ್ನೂ ಹಾಸ್ಟೆಲ್ ಮಂಚದ ಕೆಳಗಿದೆ.