ಬಿಲ್ ಇದ್ದವನೇ ವೀರನಾ?

"ಇದು ಒರಿಜಿನಲ್ ಅಲ್ಲ ಗುರೂ, ಆಟಕ್ಕೆ ಸೇರಿಸಲ್ಲ." ಟೇಬಲ್ ಮೇಲಿನ ಯುದ್ಧದಾಟಕ್ಕೆ ನಾನು ಕೈಯಾರೆ ಮಾಡಿದ ಪುಟ್ಟ ಟ್ಯಾಂಕ್ ನೋಡಿ ಗೆಳೆಯನೊಬ್ಬ ಹೇಳಿದ್ದು. ಖಾಲಿ ಡಿಯೋಡರೆಂಟ್ ಸ್ಟಿಕ್ಕಿನ ಮೈ, ರೀಫಿಲ್ ಕೊಳವೆಯ ಫಿರಂಗಿ, ಹಳೇ ವಾಚಿನ ಹಲ್ಲುಚಕ್ರ. ಕಪ್ಪು ಪ್ರೈಮರ್ ಹೊಡೆದು, ಒಣ ಬ್ರಷ್‌ನಲ್ಲಿ ಅಂಚಿಗೆಲ್ಲ ಬೆಳ್ಳಿಬಣ್ಣ ಸವರಿದ ಮೇಲೆ ಅದನ್ನು ಕಸ ಅನ್ನೋಕೆ ಧೈರ್ಯ ಬೇಕು.

ಸ್ವಾಮಿ, 1987ರಲ್ಲಿ ಬಂದ ವಾರ್‌ಹ್ಯಾಮರ್ 40,000 ಆಟದ ಆರಂಭದ ದಿನಗಳಲ್ಲಿ ಡಿಯೋಡರೆಂಟ್ ಸ್ಟಿಕ್ಕಿನಿಂದ ಟ್ಯಾಂಕ್ ಮಾಡೋದನ್ನು ಹೇಳಿಕೊಟ್ಟಿದ್ದೇ ಗೇಮ್ಸ್ ವರ್ಕ್‌ಶಾಪ್! ಅದನ್ನು ಮರೆತರೆ ಮಾರುವವರಿಗೆ ಲಾಭ, ಆಡುವ ನಮಗೇನು? ಅಳತೆ ಸರಿಯಿದ್ದು, ಯಾವುದು ಏನಂತ ಎದುರಾಳಿಗೆ ಗೊತ್ತಾದರೆ ಸಾಕು. ಬಿಲ್ ನೋಡಿ ಆಟಕ್ಕೆ ಸೇರಿಸೋದಾದರೆ ಅದು ಯುದ್ಧದಾಟ ಅಲ್ಲ, ಬರೀ ಶಾಪಿಂಗ್.