ಸಮುದಾಯದ ಸಮ್ಮತಿ ಎಂದರೆ ಯಾರ ಸಮ್ಮತಿ?

ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯಗಳ ನಿವಾರಣೆಗಾಗಿ ವಿಶ್ವಸಂಸ್ಥೆಯ ಮಹಾಸಭೆಯು 1979ರ ಡಿಸೆಂಬರ್ 18ರಂದು ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತ 1993ರಲ್ಲಿ ಅನುಮೋದಿಸಿತು. ಆದರೆ ಅನುಮೋದನೆಯ ಜೊತೆಗೇ ಒಂದು ಘೋಷಣೆಯನ್ನೂ ಲಗತ್ತಿಸಿತು. ಹೆಣ್ಣನ್ನು ಕೀಳಾಗಿ ಕಾಣುವ ರೂಢಿಗಳನ್ನು ತಿದ್ದಬೇಕೆನ್ನುವ ಐದನೆಯ ವಿಧಿಯನ್ನೂ, ವಿವಾಹ ಹಾಗೂ ಕುಟುಂಬದಲ್ಲಿ ಸಮಾನತೆಯನ್ನು ಹೇಳುವ ಹದಿನಾರನೆಯ ವಿಧಿಯನ್ನೂ ಪಾಲಿಸುವಾಗ, ಯಾವ ಸಮುದಾಯದ ವೈಯಕ್ತಿಕ ವಿಷಯಗಳಲ್ಲಿಯೂ ಅದರ ಉಪಕ್ರಮ, ಸಮ್ಮತಿಗಳಿಲ್ಲದೆ ಕೈಹಾಕುವುದಿಲ್ಲ ಎಂಬುದು ಅದರ ಸಾರ.

ಇದನ್ನು ಬಹುತ್ವದ ಗೌರವವೆಂದು ಸಮರ್ಥಿಸುವವರಿದ್ದಾರೆ. ಹಾಗಾದರೆ ಸಮುದಾಯವೆಂದರೆ ಯಾರು? ಅದರ ಅರ್ಧದಷ್ಟು ಜನ ಹೆಂಗಸರಲ್ಲವೆ? ಉತ್ತರಾಧಿಕಾರ, ವಿಚ್ಛೇದನ, ಮಕ್ಕಳ ಪಾಲಕತ್ವಗಳ ನಿಯಮಗಳಿಗೆ ಅವರ ಸಮ್ಮತಿಯನ್ನು ಕೇಳಿದವರಾರು? ಮುಖಂಡರ ಮೌನವನ್ನೇ ಸಮುದಾಯದ ನಿಲುವೆಂದು ಓದುವುದು ಬಹುತ್ವವಲ್ಲ, ಪಕ್ಷಪಾತ.

ವಿಶಾಲವೂ ವೈವಿಧ್ಯಮಯವೂ ಆದ ದೇಶದಲ್ಲಿ ವಿವಾಹಗಳ ಕಡ್ಡಾಯ ನೋಂದಣಿ ಕಾರ್ಯಸಾಧ್ಯವಲ್ಲವೆಂದೂ ಭಾರತ ಆಗ ಹೇಳಿತ್ತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ಧರ್ಮೀಯರ ವಿವಾಹಗಳ ನೋಂದಣಿಯನ್ನು ಕಡ್ಡಾಯಗೊಳಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. ಅದಕ್ಕೂ ಮುನ್ನ, 1997ರ ವಿಶಾಖಾ ತೀರ್ಪಿನಲ್ಲಿ, ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ ಕಾನೂನೇ ಇಲ್ಲದಿದ್ದಾಗ, ಅದೇ ನ್ಯಾಯಾಲಯ ಈ ಒಡಂಬಡಿಕೆಯನ್ನು ಆಧರಿಸಿಯೇ ಮಾರ್ಗಸೂಚಿಗಳನ್ನು ರೂಪಿಸಿತ್ತು.

ಕಚೇರಿಯಲ್ಲಿ ಹೆಣ್ಣಿಗೆ ಆಸರೆಯಾದ ಒಡಂಬಡಿಕೆ ಮನೆಯ ಹೊಸ್ತಿಲಲ್ಲಿ ನಿಂತುಬಿಡಬೇಕೆ? ಸಂವಿಧಾನದ 14 ಮತ್ತು 15ನೆಯ ವಿಧಿಗಳು ಸಮಾನತೆಗೆ ಯಾವ ಸಮುದಾಯದ ಅನುಮತಿಯನ್ನೂ ಕೇಳುವುದಿಲ್ಲ. ಆ ಸಂವಿಧಾನವನ್ನು ಒಪ್ಪಿದ ದೇಶ ಈ ಘೋಷಣೆಯನ್ನು ಹಿಂಪಡೆಯಬೇಕು.